ಉಳಿಯುವ ಭಾಗ, ಬದಲಾಗುವ ಭಾಗ

ಹಾಸನದಲ್ಲಿರುವ ನನ್ನ ಅಕ್ಕನ ಮಗ ಈ ವರ್ಷ ಎಂಜಿನಿಯರಿಂಗ್ ಸೇರಿದ್ದಾನೆ. ತನ್ನ ಮೊದಲ ಗೇಮಿಂಗ್ ಕಂಪ್ಯೂಟರನ್ನು ತಾನೇ ಜೋಡಿಸಬೇಕೆಂದು ಎರಡು ವರ್ಷದಿಂದ ದುಡ್ಡು ಕೂಡಿಡುತ್ತಿದ್ದ. ಕಳೆದ ವಾರ ನೋಟ್‌ಬುಕ್ಕಿನ ಒಂದು ಹಾಳೆಯ ಫೋಟೊ ಕಳಿಸಿ, ‘ಮಾವ, ಲಿಸ್ಟ್ ಸರಿಯಿದೆಯಾ ನೋಡಿ’ ಎಂದ. ಮೊದಲ ಸಾಲಿನಲ್ಲಿ ಗ್ರಾಫಿಕ್ಸ್ ಕಾರ್ಡ್; ಕೈಯಲ್ಲಿರುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ. ಆಮೇಲೆ ಪ್ರೊಸೆಸರ್, ರ್‍ಯಾಮ್. ಮಾನಿಟರ್ ಎಂಬಲ್ಲಿ ‘ಮನೆಯಲ್ಲಿರೋ ಹಳೇದು’. ಕಟ್ಟಕಡೆಗೆ ‘ಎಸ್‌ಎಂಪಿಎಸ್: ಕ್ಯಾಬಿನೆಟ್ ಜೊತೆಗೇ ಬರುತ್ತೆ’.

ಆ ಕಡೆಯ ಸಾಲು ಓದಿದವನೇ ಫೋನ್ ಮಾಡಿದೆ. ‘ಇದೇ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಬರೆದುಕೊಂಡು ಬಾರೋ’ ಎಂದೆ. ಮೊದಲ ಸಲ ಕಂಪ್ಯೂಟರ್ ಕಟ್ಟಲು ಹೊರಟ ಎಲ್ಲರಿಗೂ ನಾನು ಹೇಳುವುದು ಇದನ್ನೇ. ಕಂಪ್ಯೂಟರಿನ ಒಳಗೆ ಬೇಗ ಹಳತಾಗುವ ಭಾಗಗಳಿವೆ, ವರ್ಷಗಟ್ಟಲೆ ಉಳಿಯುವ ಭಾಗಗಳೂ ಇವೆ. ಗ್ರಾಫಿಕ್ಸ್ ಕಾರ್ಡನ್ನು ಮೂರು ನಾಲ್ಕು ವರ್ಷದಲ್ಲಿ ಬದಲಿಸಬೇಕೆನ್ನಿಸುತ್ತದೆ. ಒಳ್ಳೆಯ ಮಾನಿಟರ್, ಎಲ್ಲ ಭಾಗಗಳಿಗೂ ವಿದ್ಯುತ್ ಹಂಚುವ ಒಳ್ಳೆಯ ಎಸ್‌ಎಂಪಿಎಸ್, ಒಳ್ಳೆಯ ಕ್ಯಾಬಿನೆಟ್ ಎರಡು ಮೂರು ಕಾರ್ಡುಗಳನ್ನು ಕಂಡು ಆಮೇಲೂ ಉಳಿದಿರುತ್ತವೆ. ಉಳಿಯುವುದನ್ನು ಮೊದಲು ಸರಿಯಾಗಿ ಆರಿಸಿ, ಮಿಕ್ಕ ಹಣದಲ್ಲಿ ಬದಲಾಗುವುದನ್ನು ಕೊಳ್ಳಬೇಕು.

ಆರಿಸುವ ಕೆಲಸ ಶುರುವಾಗಬೇಕಾದದ್ದು ಪರದೆಯಿಂದ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿವೆ. 1440ಪಿಯಲ್ಲಿ ಸುಮಾರು 36.9 ಲಕ್ಷ. 4ಕೆ ಎಂದರೆ 82.9 ಲಕ್ಷ, ಅಂದರೆ 1080ಪಿಯ ಸರಿಯಾಗಿ ನಾಲ್ಕರಷ್ಟು. ಈ ಚುಕ್ಕೆಗಳನ್ನೆಲ್ಲ ಪ್ರತಿ ಚಿತ್ರಕ್ಕೂ ಹೊಸದಾಗಿ ಬಣ್ಣ ಕಟ್ಟಿ ಕೊಡುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. 60 ಹರ್ಟ್ಸ್ ಮಾನಿಟರಿನಲ್ಲಿ ಒಂದು ಚಿತ್ರಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್, 144 ಹರ್ಟ್ಸ್‌ನಲ್ಲಿ 7 ಮಿಲಿಸೆಕೆಂಡಿಗೂ ಕಡಿಮೆ. ಅಕ್ಕನ ಮನೆಯ ಹಳೆಯ ಮಾನಿಟರ್ 60 ಹರ್ಟ್ಸಿನದು. ಎಷ್ಟು ದುಬಾರಿ ಕಾರ್ಡ್ ಹಾಕಿದರೂ ಅದು ಸೆಕೆಂಡಿಗೆ ತೋರಿಸುವುದು ಅರವತ್ತೇ ಚಿತ್ರ. ಹುಡುಗ ಕೂಡಿಟ್ಟ ಹಣದ ದೊಡ್ಡ ಪಾಲು ಅವನ ಕಣ್ಣಿಗೇ ಬೀಳದೆ ಹೋಗುತ್ತಿತ್ತು. ಮೊದಲ ಕಂಪ್ಯೂಟರಿಗೆ 1080ಪಿ ಅಥವಾ 1440ಪಿ, 144 ಹರ್ಟ್ಸ್ ಅಥವಾ ಅದಕ್ಕೂ ಹೆಚ್ಚಿನ ಐಪಿಎಸ್ ಮಾನಿಟರ್ ಸಾಕು. ಅದು ನಿಕ್ಕಿಯಾದರೆ ಎಂಥ ಕಾರ್ಡ್ ಬೇಕೆಂಬುದು ತಾನಾಗಿ ತಿಳಿಯುತ್ತದೆ.

ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು. ಒಂದು ಬಲವಾಗಿ ಇನ್ನೊಂದು ಬಡಕಲಾದರೆ ಉಳುಮೆ ಸಾಗುವುದು ಬಡಕಲು ಎತ್ತಿನ ವೇಗದಲ್ಲಿ. ಯಾವ ಆಟ ಆಡುತ್ತೀರಿ ಎಂಬುದೂ ಮುಖ್ಯ. ವ್ಯಾಲೊರೆಂಟ್, ಕೌಂಟರ್ ಸ್ಟ್ರೈಕ್ 2 ಥರದ ಆಟಗಳಲ್ಲಿ ಹೆಚ್ಚಿನ ಭಾರ ಪ್ರೊಸೆಸರ್ ಮೇಲೆ. ಸೈಬರ್‌ಪಂಕ್ 2077ರ ಮಳೆ ಬಿದ್ದ ರಸ್ತೆಗಳಲ್ಲಿ ಬೆಳಕು ಹೊಳೆಯುವುದನ್ನು ನೋಡಬೇಕೆಂದರೆ ಭಾರ ಹೊರುವುದು ಗ್ರಾಫಿಕ್ಸ್ ಕಾರ್ಡ್. ಎರಡೂ ಬೇಕೆನ್ನುವ ಹುಡುಗನಿಗೆ ಆರು ಕೋರ್‌ಗಳ ಇತ್ತೀಚಿನ ಪ್ರೊಸೆಸರ್ ಸಾಕು. ಎಂಟು, ಹನ್ನೆರಡು ಕೋರ್‌ಗಳಿಗೆ ಸುರಿಯುವ ಹಣ ಕಾರ್ಡಿಗೆ ಹೋದರೆ ಆಟ ಹೆಚ್ಚು ಸುಧಾರಿಸುತ್ತದೆ. ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇರುವುದಿಲ್ಲ. ಬೆಲೆ ಸ್ವಲ್ಪ ಕಡಿಮೆ, ನಿಜ. ಆದರೆ ಕಾರ್ಡ್ ಕೆಟ್ಟು ವಾರಂಟಿಗೆ ಹೋದ ದಿನ ಪರದೆಯಲ್ಲಿ ಏನೂ ಮೂಡದು. ಓದುವ ಹುಡುಗರು ಎಫ್ ಇಲ್ಲದ್ದನ್ನು ಕೊಳ್ಳುವುದೇ ಮೇಲು.

ಕಾರ್ಡ್ ಕೊಳ್ಳುವಾಗ ಹೆಸರು ನೋಡಿದರೆ ಸಾಲದು, ಮೆಮೊರಿ ಎಷ್ಟೆಂದು ಓದಬೇಕು. 2025ರಲ್ಲಿ ಬಂದ ಆರ್‌ಟಿಎಕ್ಸ್ 5060 ಟಿಐ ಮತ್ತು ಆರ್‌ಎಕ್ಸ್ 9060 ಎಕ್ಸ್‌ಟಿ, ಎರಡೂ 8 ಜಿಬಿ ಮತ್ತು 16 ಜಿಬಿ ಎಂದು ಎರಡೆರಡು ರೂಪದಲ್ಲಿವೆ. ಹೆಸರು ಒಂದೇ. ಹೊಸ ಆಟಗಳ ದೊಡ್ಡ ಟೆಕ್ಸ್‌ಚರ್‌ಗಳು 8 ಜಿಬಿಯಲ್ಲಿ ಹಿಡಿಸದಿದ್ದಾಗ ಆಟ ತಡವರಿಸುತ್ತದೆ. ಸಾಧ್ಯವಿದ್ದರೆ 16ಕ್ಕೆ ಹೋಗಿ. ಕಾರ್ಡಿನ ಆಯಸ್ಸು ಹೆಚ್ಚುತ್ತದೆ.

ಮದರ್‌ಬೋರ್ಡಿನಲ್ಲಿ ನೋಡಬೇಕಾದದ್ದು ಪ್ರೊಸೆಸರ್ ಕೂರುವ ಸಾಕೆಟ್. ಎಎಂಡಿಯ ಎಎಂ4 ಸಾಕೆಟ್ಟಿನ ಕಥೆ ನನಗೆ ತುಂಬ ಇಷ್ಟ. 2017ರಲ್ಲಿ ಮೊದಲ ರೈಜೆನ್ ಪ್ರೊಸೆಸರ್ ಹಾಕಿದ್ದ ಎಷ್ಟೋ ಬೋರ್ಡುಗಳು ಬಯೋಸ್ ಅಪ್‌ಡೇಟ್ ಆದ ಮೇಲೆ 2022ರ 5800ಎಕ್ಸ್3ಡಿಯನ್ನೂ ಹೊತ್ತವು. ಐದು ವರ್ಷದ ಹಳೆಯ ಬೋರ್ಡಿನ ಮೇಲೆ ಆ ಕಾಲದ ಅತ್ಯಂತ ವೇಗದ ಗೇಮಿಂಗ್ ಪ್ರೊಸೆಸರ್‌ಗಳಲ್ಲೊಂದು! 2022ರಲ್ಲಿ ಬಂದ ಎಎಂ5ಕ್ಕೂ ಕನಿಷ್ಠ 2027ರವರೆಗೆ ಬೆಂಬಲ ಕೊಡುವುದಾಗಿ ಕಂಪನಿ ಹೇಳಿದೆ. ಇಂಟೆಲ್ 12, 13, 14ನೇ ತಲೆಮಾರುಗಳಿಗೆ ಎಲ್‌ಜಿಎ 1700 ಕೊಟ್ಟಿತು. 2024ರಲ್ಲಿ ಎಲ್‌ಜಿಎ 1851ಕ್ಕೆ ಹೋದಾಗ ಹಳೆಯ ಬೋರ್ಡಿನ ದಾರಿ ಅಲ್ಲಿಗೇ ಮುಗಿಯಿತು. ಮುಂದೆ ಪ್ರೊಸೆಸರ್ ಮಾತ್ರ ಬದಲಿಸುವ ಆಸೆಯಿದ್ದವರು ಸಾಕೆಟ್ಟಿಗೆ ಇನ್ನೆಷ್ಟು ದಿನ ಬಾಳಿಕೆ ಎಂದು ಕೇಳಿಯೇ ಕೊಳ್ಳಬೇಕು. ರ್‍ಯಾಮನ್ನು ಒಂದೇ 16 ಜಿಬಿ ಸ್ಟಿಕ್ ತರುವ ಬದಲು 8ರ ಎರಡು ತನ್ನಿ. ಎರಡು ಚಾನೆಲ್ ತೆರೆದಾಗ ಪ್ರೊಸೆಸರಿಗೆ ದತ್ತಾಂಶ ಹರಿಯುವ ದಾರಿ ಇಮ್ಮಡಿಯಾಗುತ್ತದೆ. ಬಯೋಸ್ ಒಳಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಲು ಮರೆಯಬೇಡಿ. ಅದಿಲ್ಲದಿದ್ದರೆ 6000 ವೇಗದ ರ್‍ಯಾಮ್ ಕೂಡ 4800ರಲ್ಲೇ ತೆವಳುತ್ತಿರುತ್ತದೆ.

ಇನ್ನು ಆ ಕಡೆಯ ಸಾಲು, ಎಸ್‌ಎಂಪಿಎಸ್. ನನ್ನ ಮೊದಲ ಕಂಪ್ಯೂಟರಿಗೂ ಕ್ಯಾಬಿನೆಟ್ ಜೊತೆ ಬಂದದ್ದನ್ನೇ ಹಾಕಿಸಿದ್ದೆ. ಬೇಸಿಗೆಯ ಒಂದು ಮಧ್ಯಾಹ್ನ ಹೋಗಿದ್ದ ಕರೆಂಟ್ ಮತ್ತೆ ಬಂದಾಗ ‘ಟಪ್’ ಎಂದು ಸದ್ದಾಯಿತು, ಸುಟ್ಟ ವಾಸನೆ ಕೋಣೆಯೆಲ್ಲ ತುಂಬಿತು. ಎಸ್‌ಎಂಪಿಎಸ್ ಒಂದೇ ಹೋಗಲಿಲ್ಲ. ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಜೊತೆಗೆ ಕರೆದೊಯ್ದಿತು. ಅದರಲ್ಲಿದ್ದ ಅಮ್ಮನ ಫೋಟೊಗಳು ಮತ್ತೆ ಸಿಗಲಿಲ್ಲ. ಅಂದಿನಿಂದ ಯಾರ ಪಟ್ಟಿ ಕೈಗೆ ಬಂದರೂ ನನ್ನ ಕಣ್ಣು ಮೊದಲು ಹೋಗುವುದು ಆ ಸಾಲಿಗೇ.

ಎಸ್‌ಎಂಪಿಎಸ್‌ನ ಪೆಟ್ಟಿಗೆಯ ಮೇಲೆ ಬರೆದ ದೊಡ್ಡ ಅಂಕಿಯನ್ನು ನಂಬಬೇಡಿ. ಪಕ್ಕಕ್ಕೆ ಅಂಟಿಸಿರುವ ಕೋಷ್ಟಕದಲ್ಲಿ 12 ವೋಲ್ಟ್ ಸಾಲಿಗೆ ಎಷ್ಟು ಆಂಪಿಯರ್ ಎಂದು ಓದಿ. ಪ್ರೊಸೆಸರಿಗೂ ಕಾರ್ಡಿಗೂ ವಿದ್ಯುತ್ ಹೋಗುವುದು ಅಲ್ಲಿಂದಲೇ. ‘500 ವಾಟ್’ ಎಂದು ಬರೆದ ಡಬ್ಬದಲ್ಲಿ 12 ವೋಲ್ಟಿಗೆ 18 ಆಂಪಿಯರ್ ಇದ್ದರೆ ಗುಣಿಸಿ ನೋಡಿ: ಸಿಗುವುದು 216 ವಾಟ್. ಪ್ರಾಮಾಣಿಕವಾದ 650 ವಾಟಿನ ಎಸ್‌ಎಂಪಿಎಸ್‌ನಲ್ಲಿ 54 ಆಂಪಿಯರ್ ಇರುತ್ತದೆ, ಅಂದರೆ 648 ವಾಟ್. 5060 ಟಿಐ ಸುಮಾರು 180 ವಾಟ್ ಎಳೆಯುತ್ತದೆ. ಆರು ಕೋರ್‌ಗಳ ರೈಜೆನ್ 7600 ಪೂರ್ತಿ ಭಾರದಲ್ಲಿ 90ರ ಆಸುಪಾಸು. ಮಿಕ್ಕದ್ದೆಲ್ಲ ಸೇರಿ 350ರ ಒಳಗೆ. 600ರಿಂದ 650 ವಾಟಿನ ಒಳ್ಳೆಯ ಎಸ್‌ಎಂಪಿಎಸ್ ಇದ್ದರೆ ಮುಂದಿನ ಕಾರ್ಡಿಗೂ ಜಾಗ ಉಳಿಯುತ್ತದೆ. ‘80 ಪ್ಲಸ್’ ಬ್ರಾಂಜ್, ಗೋಲ್ಡ್ ಎಂಬ ಚೀಟಿಗಳು ಹೇಳುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನಷ್ಟೆ. ಅತಿ ವೋಲ್ಟೇಜ್, ಅತಿ ಕರೆಂಟ್, ಶಾರ್ಟ್ ಸರ್ಕ್ಯೂಟ್‌ಗಳಿಂದ ರಕ್ಷಣೆ ಇದೆಯೇ ಎಂದು ಬೇರೆಯಾಗಿ ನೋಡಬೇಕು. ತಯಾರಕರು ಕೊಡುವ ವಾರಂಟಿಯೂ ಒಂದು ಸುಳಿವು. ಒಳ್ಳೆಯವಕ್ಕೆ 5, 7, 10 ವರ್ಷವೂ ಇರುತ್ತದೆ. ಗೋಡೆಯ ಪ್ಲಗ್ಗಿನಲ್ಲಿ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಮನೆಯಲ್ಲಿ 600 ವಿಎ ಯುಪಿಎಸ್ ಇದ್ದರೆ ಅದು ಕೊಡುವುದು ಸಾಮಾನ್ಯವಾಗಿ 360 ವಾಟ್ ಮಾತ್ರ. ಆಡುವ ಹೊತ್ತಿನಲ್ಲಿ ಕಂಪ್ಯೂಟರ್, ಮಾನಿಟರ್ ಎರಡನ್ನೂ ಅದು ತಾಳಲಾರದು.

ಕ್ಯಾಬಿನೆಟ್ಟನ್ನು ಬಣ್ಣದ ದೀಪ ನೋಡಿ ಕೊಳ್ಳಬೇಡಿ, ಗಾಳಿ ನೋಡಿ ಕೊಳ್ಳಿ. ಮುಂಭಾಗ ಜಾಲರಿಯದಾಗಿರಲಿ, ತಣ್ಣನೆ ಗಾಳಿ ಮುಂದಿನಿಂದ ಒಳಬಂದು ಬಿಸಿಗಾಳಿ ಹಿಂದಿನಿಂದ, ಮೇಲಿನಿಂದ ಹೊರಹೋಗಬೇಕು. ಕೋಣೆ 10 ಡಿಗ್ರಿ ಬಿಸಿಯಾದರೆ ಒಳಗಿನ ಭಾಗಗಳೂ ಸುಮಾರು ಅಷ್ಟೇ ಬಿಸಿಯೇರುತ್ತವೆ. ಹಾಸನದ ತಂಪಿನಲ್ಲಿ ನಡೆದೀತು ಎಂಬ ಗಾಜು ಮುಚ್ಚಿದ ಕ್ಯಾಬಿನೆಟ್ ರಾಯಚೂರಿನ ಏಪ್ರಿಲ್‌ನಲ್ಲಿ ಕುಲುಮೆಯಾಗುತ್ತದೆ. ದೂಳು ತಡೆಯುವ ಫಿಲ್ಟರ್ ಕಳಚಿ ತೊಳೆಯುವಂತಿರಲಿ.

ಭಾನುವಾರ ಅಕ್ಕನ ಮಗನನ್ನು ಬೆಂಗಳೂರಿನ ಎಸ್.ಪಿ. ರಸ್ತೆಗೆ ಕರೆದೊಯ್ಯಬೇಕೆಂದಿದ್ದೆ, ಅಂಗಡಿಗಳು ಪೂರ್ತಿ ತೆರೆದಿರುವ ಶನಿವಾರವೇ ಒಳ್ಳೆಯದೆಂದು ದಿನ ಬದಲಿಸಿದ್ದೇನೆ. ಒಂದೇ ಅಂಗಡಿಯಲ್ಲಿ ಎಲ್ಲವನ್ನೂ ಮುಗಿಸದೆ ಮೂರು ನಾಲ್ಕು ಕಡೆ ಬೆಲೆ ಬರೆಸಿಕೊಳ್ಳುತ್ತೇವೆ. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸುತ್ತೇವೆ. ‘ಬಿಲ್ ಇಲ್ಲದಿದ್ದರೆ ಇಷ್ಟು ಕಡಿಮೆ’ ಎನ್ನುವ ಮಾತಿಗೆ ಕಿವಿಗೊಡುವುದಿಲ್ಲ. ಮೂರನೇ ವರ್ಷ ಕಾರ್ಡ್ ಕೆಟ್ಟಾಗ ಕೈಹಿಡಿಯುವುದು ಆ ಚೀಟಿಯೇ.

ಹೊಸ ಪಟ್ಟಿ ನಿನ್ನೆ ಬಂತು. ಮೊದಲ ಸಾಲಿನಲ್ಲಿ 1080ಪಿ, 144 ಹರ್ಟ್ಸ್ ಮಾನಿಟರ್. ಎರಡನೆಯದು 650 ವಾಟಿನ ಎಸ್‌ಎಂಪಿಎಸ್, 12 ವೋಲ್ಟಿನ ಆಂಪಿಯರ್ ಕೂಡ ಬರೆದಿದ್ದಾನೆ. ಕಾರ್ಡ್ ಮೊದಲಿನದಕ್ಕಿಂತ ಒಂದು ಮೆಟ್ಟಿಲು ಕೆಳಗಿಳಿದಿದೆ. ಆದರೆ ಈಗ ಅದು ಕೊಡುವ ಚಿತ್ರವೆಲ್ಲ ಅವನ ಕಣ್ಣಿಗೆ ಬೀಳುತ್ತದೆ. ನಿಮ್ಮ ಮನೆಯಲ್ಲೂ ಇಂಥ ಪಟ್ಟಿ ಹಿಡಿದು ಕೂತ ಮಕ್ಕಳಿದ್ದರೆ ಎಸ್‌ಎಂಪಿಎಸ್‌ನ ಸಾಲಿನಲ್ಲಿ ಏನು ಬರೆದಿದ್ದಾರೆಂದು ದಯವಿಟ್ಟು ಒಮ್ಮೆ ಕೇಳಿ. ಅಲ್ಲಿ ಕೊಟ್ಟ ಹಣ ಮಿಕ್ಕ ಎಲ್ಲ ಭಾಗಗಳನ್ನೂ ಕಾಯುತ್ತದೆ.