ಹಾಡಿ ಗೆದ್ದ ನಾಡು, ಚಿತ್ರದೊಳಗೆ ಬಾರದ ನೆರೆಯವರು

1990ರ ಮೇ 15ರಂದು ಎಸ್ಟೋನಿಯಾದ ರಾಜಧಾನಿ ಟಾಲಿನ್ ನಗರದಲ್ಲಿ, ಸೋವಿಯತ್ ಆಳ್ವಿಕೆಯೇ ಉಳಿಯಬೇಕೆನ್ನುವ ದೊಡ್ಡ ಗುಂಪೊಂದು ಸಂಸತ್ ಭವನವನ್ನು ಮುತ್ತಿ ಅಂಗಳಕ್ಕೆ ನುಗ್ಗಿತು. ಒಳಗಿದ್ದ ಸರ್ಕಾರದ ಮುಖ್ಯಸ್ಥ ಎಡ್ಗರ್ ಸಾವಿಸಾರ್ ರೇಡಿಯೋ ಮೂಲಕ ನಾಡಿನ ಜನರನ್ನು ನೆರವಿಗೆ ಕರೆದರು. ಕರೆ ಕೇಳಿದ ಸಾವಿರಾರು ಮಂದಿ ಬಂದು ಸೇರಿದರು. ಮುತ್ತಿದವರೇ ನಡುವೆ ಸಿಕ್ಕಿಕೊಂಡರು. ಒಬ್ಬನ ಕೈ ಮೇಲೆದ್ದಿದ್ದರೂ ಅಂದು ಅನರ್ಥವಾಗುತ್ತಿತ್ತು. ಆದರೆ ಬಂದವರು ಎರಡು ಬದಿಗೆ ಸರಿದು ನಡುವೆ ದಾರಿ ಬಿಟ್ಟರು. ಸಿಕ್ಕಿಕೊಂಡವರು ಆ ದಾರಿಯಲ್ಲಿ ನಡೆದು ಹೊರಟುಹೋದರು.

ಎಸ್ಟೋನಿಯಾ ಮೂಲದ ಅಮೆರಿಕನ್ ನಿರ್ದೇಶಕ ಜೇಮ್ಸ್ ಟಸ್ಟಿ ಮತ್ತು ಅವರ ಪತ್ನಿ ಮೌರೀನ್ 2006ರಲ್ಲಿ ಹೊರತಂದ ‘ದಿ ಸಿಂಗಿಂಗ್ ರೆವಲ್ಯೂಷನ್’ ಎಂಬ ಸಾಕ್ಷ್ಯಚಿತ್ರದಲ್ಲಿ ಈ ಪ್ರಸಂಗವಿದೆ. ಅಹಿಂಸೆಯನ್ನು ಕುರಿತು ನೂರು ಪ್ರವಚನಗಳನ್ನು ಕೇಳಿದ ಶ್ರಾವಕನೂ ಇದನ್ನೊಮ್ಮೆ ನೋಡಬೇಕು. ಕೈಯಲ್ಲಿ ಬಲವಿದ್ದಾಗ ತೋರುವ ಸಂಯಮವೇ ಕ್ಷಮೆ ಎಂಬ ಮಾತಿಗೆ ಇಷ್ಟು ಸ್ಪಷ್ಟವಾದ ನಿದರ್ಶನ ತೆರೆಯ ಮೇಲೆ ಅಪರೂಪ.

ಆ ನಾಡು ಬಹು ಚಿಕ್ಕದು. 1989ರಲ್ಲಿ ಅಲ್ಲಿದ್ದವರು ಸುಮಾರು ಹದಿನೈದೂವರೆ ಲಕ್ಷ ಜನ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳನ್ನೊಳಗೊಂಡ ಮಂಡ್ಯ ಜಿಲ್ಲೆಯೊಂದರ ಜನಸಂಖ್ಯೆಯೇ 2011ರಲ್ಲಿ 18 ಲಕ್ಷವಾಗಿತ್ತು. ಇಷ್ಟು ಅಲ್ಪಸಂಖ್ಯೆಯ ಜನ 1940ರಲ್ಲಿ ಸ್ವಾತಂತ್ರ್ಯ ಕಳೆದುಕೊಂಡರು. 1941 ಮತ್ತು 1949ರಲ್ಲಿ ಸಾವಿರಾರು ಕುಟುಂಬಗಳು ಸೈಬೀರಿಯಾಕ್ಕೆ ಸಾಗಿಸಲ್ಪಟ್ಟವು. 1869ರಿಂದ ನಡೆದುಬಂದ ಸಾಮೂಹಿಕ ಗಾನೋತ್ಸವವೊಂದೇ ಅವರಿಗೆ ಉಳಿದ ಆಸ್ತಿ. 1969ರ ಉತ್ಸವದಲ್ಲಿ ಅಧಿಕಾರಿಗಳು ಬೇಡವೆಂದರೂ ಗಾಯಕರು ತಾಯ್ನಾಡಿನ ಗೀತೆಯನ್ನು ಹಾಡಿದರು. 1988ರ ಸೆಪ್ಟೆಂಬರಿನಲ್ಲಿ ಗಾನೋತ್ಸವದ ಮೈದಾನದಲ್ಲಿ ಸುಮಾರು ಮೂರು ಲಕ್ಷ ಜನ ನೆರೆದರು. 1991ರ ಆಗಸ್ಟ್ 20ರಂದು ಸ್ವಾತಂತ್ರ್ಯ ಮರಳಿತು. ಚಿತ್ರ ಇದನ್ನೆಲ್ಲ ಹೇಳುವ ರೀತಿಯಲ್ಲಿ ಭಕ್ತಿಯಿದೆ, ಶ್ರದ್ಧೆಯಿದೆ, ಸುಳ್ಳಿಲ್ಲ.

ಸುಳ್ಳಿಲ್ಲದಿದ್ದರೂ ಸತ್ಯ ಪೂರ್ಣವಾಗುವುದಿಲ್ಲ ಎಂಬುದನ್ನು ಜೈನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ದಾರಿಯಲ್ಲಿ ತಲೆತಗ್ಗಿಸಿ ನಡೆದುಹೋದವರು ಯಾರು? ಅವರು ಹೋದದ್ದು ರಷ್ಯಾಕ್ಕಲ್ಲ, ಅದೇ ನಗರದಲ್ಲಿದ್ದ ತಮ್ಮ ಮನೆಗಳಿಗೆ. 1989ರ ಗಣತಿಯಲ್ಲಿ ನಾಡಿನ ಶೇಕಡಾ 30ರಷ್ಟು ಮಂದಿ ರಷ್ಯನ್ನರು. ಯುದ್ಧದ ನಂತರ ಕಾರ್ಖಾನೆಗಳ ಕೆಲಸಕ್ಕೆ ಬಂದವರು ಅನೇಕರು. ಅವರ ಮಕ್ಕಳು ಹುಟ್ಟಿದ್ದು ಅಲ್ಲಿಯೇ. 1991ರ ಮಾರ್ಚಿಯ ಜನಮತದಲ್ಲಿ ಸ್ವಾತಂತ್ರ್ಯದ ಪರವಾಗಿ ಮತ ಹಾಕಿದವರೂ ಅವರಲ್ಲಿದ್ದರು. ಆದರೆ ಹೊಸ ರಾಜ್ಯ 1940ಕ್ಕಿಂತ ಹಿಂದಿನ ಪ್ರಜೆಗಳನ್ನೂ ಅವರ ಸಂತತಿಯನ್ನೂ ಮಾತ್ರ ತಾನಾಗಿ ತನ್ನವರೆಂದು ಎಣಿಸಿತು. ಉಳಿದವರು ಭಾಷಾಪರೀಕ್ಷೆ ಕೊಟ್ಟು ಪೌರತ್ವ ಪಡೆಯಬೇಕಾಯಿತು. 1992ರಲ್ಲಿ ನಿವಾಸಿಗಳ ಮೂರರಲ್ಲೊಂದು ಪಾಲು ಯಾವ ದೇಶಕ್ಕೂ ಸೇರದವರಾಗಿ ಉಳಿದರು. ಕಾಲಕ್ರಮದಲ್ಲಿ ಈ ಸಂಖ್ಯೆ ಬಹಳ ಇಳಿದಿದೆ ಎಂಬುದನ್ನೂ ಹೇಳಬೇಕು. ಟಸ್ಟಿ ದಂಪತಿಗಳ ಚಿತ್ರದಲ್ಲಿ ಇವರು ಹೆಚ್ಚಾಗಿ ಕಾಣುವುದು ಗುಂಪಾಗಿ. ಪೆಟ್ಟು ತಿಂದ ಜನ ಮೊದಲು ತಮ್ಮ ನೋವನ್ನು ಹೇಳಿಕೊಳ್ಳುವುದು ಸಹಜವೇ. ಆ ಮಾತಿಗೆ ಬೆಲೆಯಿದೆ. ಆದರೂ ಚಿತ್ರ ತೆರೆಕಂಡ ಐದೇ ತಿಂಗಳಲ್ಲಿ, 2007ರ ಏಪ್ರಿಲ್‌ನಲ್ಲಿ, ಸೋವಿಯತ್ ಸೈನಿಕನ ಕಂಚಿನ ಪ್ರತಿಮೆಯನ್ನು ನಗರದ ಮಧ್ಯದಿಂದ ಸ್ಮಶಾನಕ್ಕೆ ಸಾಗಿಸಿದಾಗ ಅದೇ ಟಾಲಿನ್‌ನಲ್ಲಿ ದೊಂಬಿಯಾಗಿ ಒಬ್ಬ ಯುವಕ ಪ್ರಾಣ ಕಳೆದುಕೊಂಡ. ಹಾಡಿನ ಚಿತ್ರವನ್ನು ಮಾತ್ರ ನೋಡಿದವನಿಗೆ ಆ ರಾತ್ರಿಯ ಅರ್ಥ ತಿಳಿಯುವುದಿಲ್ಲ.

ಯಾಕ್ ಕಿಲ್ಮಿ ಅವರ ‘ಡಿಸ್ಕೋ ಮತ್ತು ಅಣುಯುದ್ಧ’ (2009) ಇನ್ನೊಂದು ನಯವನ್ನು ಹಿಡಿಯುತ್ತದೆ. ಸಾಮ್ರಾಜ್ಯವನ್ನು ಒಳಗಿನಿಂದ ಟೊಳ್ಳು ಮಾಡಿದ್ದು ಹಾಡಷ್ಟೇ ಅಲ್ಲ, ಸಮುದ್ರದಾಚೆಯ ಫಿನ್ಲೆಂಡಿನ ದೂರದರ್ಶನ ಎಂಬುದು ಅದರ ವಾದ. ಟಾಲಿನ್‌ನ ಮನೆಗಳಲ್ಲಿ ‘ಡಲ್ಲಾಸ್’ ಧಾರಾವಾಹಿಯನ್ನು ಕದ್ದುನೋಡಿ, ಅಮೆರಿಕದ ಶ್ರೀಮಂತಿಕೆಗೆ ಬೆರಗಾದ ಬಾಲ್ಯವನ್ನು ನಿರ್ದೇಶಕರು ನಗುತ್ತ ನೆನೆಯುತ್ತಾರೆ. ಆ ನಗೆಯ ಕೆಳಗೆ ಕಹಿಯಾದ ಪ್ರಶ್ನೆಯಿದೆ: ಬಂಧನ ಕಳಚಿದ್ದು ತ್ಯಾಗದಿಂದಲೋ ತೃಷ್ಣೆಯಿಂದಲೋ? ಪರಿಗ್ರಹದ ಆಸೆಯೇ ಒಂದು ಸೆರೆಮನೆಯ ಗೋಡೆಯನ್ನು ಸಡಿಲಿಸಿದರೆ ಅದನ್ನು ಏನೆಂದು ಕರೆಯಬೇಕು? ತನ್ನವರನ್ನು ವೀರರೆಂದು ಮಾತ್ರ ತೋರಿಸದೆ ಆಸೆಬುರುಕರೆಂದೂ ತೋರಿಸುವ ಈ ಚಿತ್ರ ಮೊದಲನೆಯದಕ್ಕಿಂತ ಪ್ರಾಮಾಣಿಕ. ದೋಷವೂ ಇದೆ: ನಟಿಸಿ ತೆಗೆದ ದೃಶ್ಯಗಳನ್ನೂ ಹಳೆಯ ನಿಜಚಿತ್ರಗಳನ್ನೂ ಬೆರೆಸಿದ್ದರಿಂದ ನೋಡುವವನು ಕೆಲವೆಡೆ ಮೋಸಹೋಗುತ್ತಾನೆ.

ಇವೆರಡಕ್ಕಿಂತಲೂ ಮಾರ್ಕ್ ಸೋಸಾರ್ ಅವರ ‘ತಂದೆ, ಮಗ ಮತ್ತು ಪವಿತ್ರ ತೋರುಮ್’ (1997) ಎತ್ತರದ ಕೃತಿ. ಅದರ ವಸ್ತು ಎಸ್ಟೋನಿಯಾ ಅಲ್ಲ. ಸೈಬೀರಿಯಾದಲ್ಲಿ ಎಣ್ಣೆಬಾವಿಗಳ ನಡುವೆ ಬದುಕುವ, ಎಸ್ಟೋನಿಯನ್ನರಿಗೆ ಭಾಷೆಯಲ್ಲಿ ದೂರದ ನೆಂಟರಾದ ಖಾಂತಿ ಜನ. ತಂದೆ ಕುಲದ ಪೂಜಾರಿ, ಮಗ ಎಣ್ಣೆ ಕಂಪೆನಿಯ ಪರ. ಮಗನನ್ನು ಖಳನನ್ನಾಗಿಸಿ ಮುಗಿಸುವುದು ಸುಲಭವಿತ್ತು. ಸೋಸಾರ್ ಇಬ್ಬರ ಬಳಿಯೂ ಕುಳಿತು ಕೇಳುತ್ತಾರೆ. ಅನೇಕಾಂತ ಎಂಬ ಶಬ್ದ ಅವರಿಗೆ ಗೊತ್ತಿತ್ತೋ ಇಲ್ಲವೋ, ಅವರ ಕ್ಯಾಮೆರಾಕ್ಕೆ ಗೊತ್ತಿತ್ತು.

ಗೆದ್ದವರು ನೆರೆಯವರನ್ನು ಹೇಗೆ ಕಾಣಬೇಕೆಂಬ ಪ್ರಶ್ನೆ ಈ ಸೀಮೆಗೂ ಹೊಸದಲ್ಲ. 1368ರಲ್ಲಿ ಜೈನರು ತಮಗಾದ ಅನ್ಯಾಯವನ್ನು ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡಾಗ ಅವನು ಅವರ ಕೈಯನ್ನು ಹದಿನೆಂಟು ನಾಡಿನ ಶ್ರೀವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿದ. ಆ ಶ್ರೀವೈಷ್ಣವರಲ್ಲಿ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯವರೂ ಇದ್ದರೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಜೈನರಿಗೆ ಒದಗುವ ಹಾನಿಯನ್ನು ತಮ್ಮದೇ ಹಾನಿಯೆಂದು ವೈಷ್ಣವರು ತಿಳಿಯಬೇಕೆಂದು ಅದರ ವಿಧಿ. ಇಲ್ಲಿ ಕೇವಲ ದಾರಿ ಬಿಟ್ಟು ಕಳುಹಿಸಲಿಲ್ಲ, ಹೊಣೆಯನ್ನು ಹೊರಿಸಲಾಯಿತು. ಟಾಲಿನ್‌ನ ಅಂಗಳದ ದೃಶ್ಯದ ನಂತರ ಬೇಕಾಗಿದ್ದದ್ದು ಇದೇ.

ಬಸದಿಗಳ ಟ್ರಸ್ಟ್‌ಗಳು ಉತ್ಸವ, ಅಭಿಷೇಕಗಳನ್ನು ಚಿತ್ರವಾಗಿ ಮಾಡಿಸುವ ಕಾಲವಿದು. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿಯನ್ನೋ ಕೃಷ್ಣರಾಜಪೇಟೆ ತಾಲ್ಲೂಕಿನ ಬಸ್ತಿ ಹೊಸಕೋಟೆಯ ಗೊಮ್ಮಟನನ್ನೋ ಚಿತ್ರಿಸಹೊರಟವರು ಕಲಶದ ಸಾಲು, ದಾನಿಗಳ ಹೆಸರು, ಗಣ್ಯರ ಭಾಷಣಗಳಲ್ಲಿಯೇ ಸುರುಳಿ ಮುಗಿಸಿದರೆ ಅದೂ ಟಸ್ಟಿ ದಂಪತಿಗಳ ಚಿತ್ರದಂತೆ ಅರ್ಧವೇ. ಮಾನಸ್ತಂಭದ ಸುತ್ತಿನ ಮನೆಗಳಲ್ಲಿ ಇರುವ ಜೈನೇತರ ರೈತರನ್ನು, ಆ ಕಂಬ ಅವರಿಗೆ ಏನಾಗಿದೆ ಎಂದು ಕೇಳಬೇಕು. ಶ್ರೀರಂಗಪಟ್ಟಣದಲ್ಲಿ ಆದಿನಾಥ ಬಸದಿ, ರಂಗನಾಥನ ಗುಡಿ, ಟಿಪ್ಪುವಿನ ಕಾಲದ ಮಸೀದಿ ಮೂರೂ ಇವೆ. ಅಲ್ಲಿ ಮೂರು ಕಡೆಯೂ ಕುಳಿತು ಕೇಳುವ ತಾಳ್ಮೆ ಬೇಕು, ಸೋಸಾರ್ ಅವರು ಸೈಬೀರಿಯಾದ ಹಿಮದಲ್ಲಿ ಕುಳಿತಂತೆ.