ಮುಂಬಯಿಯ ಗಿರಣಿ ಅವಶೇಷಗಳ ಸಂರಕ್ಷಣೆ: ಒಂದು ವಿಮರ್ಶೆ

ಕಾವಸ್‌ಜಿ ನಾನಾಭಾಯಿ ದಾವರರು ೧೮೫೪ರಲ್ಲಿ ಸ್ಥಾಪಿಸಿದ ನೂಲಿನ ಗಿರಣಿಯೊಡನೆ ಮುಂಬಯಿಯ ಹತ್ತಿ ಗಿರಣಿಗಳ ಚರಿತ್ರೆ ಆರಂಭವಾಗುತ್ತದೆ. ೧೯೮೨ರ ಜನವರಿಯಲ್ಲಿ ಸುಮಾರು ೨,೫೦,೦೦೦ ಕಾರ್ಮಿಕರು ಹೂಡಿದ ಮುಷ್ಕರದ ತರುವಾಯ ಆ ಉದ್ಯಮವು ಚೇತರಿಸಿಕೊಳ್ಳಲಿಲ್ಲ. ಗಿರಣಿಗಳು ನಿಂತವು, ಅವುಗಳ ನೆಲದ ಬೆಲೆ ಮಾತ್ರ ಏರಿತು. ಅಳಿದುಳಿದ ಕಟ್ಟಡಗಳ ಸಂರಕ್ಷಣೆ ಎಷ್ಟರಮಟ್ಟಿಗೆ ಚರಿತ್ರೆಗೆ ನಿಷ್ಠವಾಗಿದೆ ಎಂಬುದನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಲೋವರ್ ಪರೇಲಿನಲ್ಲಿ ೧೯೦೫ರಲ್ಲಿ ಸ್ಥಾಪಿತವಾದ ಫೀನಿಕ್ಸ್ ಗಿರಣಿಯ ಆವರಣವು ಇಂದು ಮಳಿಗೆಗಳ ಬೃಹತ್ ಸಂಕೀರ್ಣವಾಗಿದೆ. ಅದರ ನಡುವೆ ಹಳೆಯ ಹೊಗೆಕೊಳವೆಯನ್ನು ಉಳಿಸಿಕೊಂಡಿರುವುದು ಮೆಚ್ಚತಕ್ಕದ್ದೇ. ಏನನ್ನೂ ಉಳಿಸದ ಆವರಣಗಳೂ ಆ ನಗರದಲ್ಲಿವೆ. ಆದರೆ ಹೊಗೆಕೊಳವೆಯೊಂದೇ ಗಿರಣಿಯ ಸಾಕ್ಷ್ಯವಾಗಲಾರದು. ಉಗಿಯಿಂದ ನಡೆಯುತ್ತಿದ್ದ ಗಿರಣಿಯಲ್ಲಿ ಹೊಗೆಕೊಳವೆಯು ಬಾಯ್ಲರಿಗೆ ಗಾಳಿಯ ಸೆಳೆತವನ್ನು ಒದಗಿಸುತ್ತಿತ್ತು. ಬಾಯ್ಲರಿನ ಉಗಿ ಯಂತ್ರವನ್ನು ನಡೆಸುತ್ತಿತ್ತು. ಯಂತ್ರದ ಶಕ್ತಿಯು ಹಗ್ಗಗಳ ಮತ್ತು ತಿರುಗುವ ಉದ್ದಂಡಗಳ ಮೂಲಕ ಅಂತಸ್ತುಗಳಿಗೆ ತಲಪುತ್ತಿತ್ತು. ಈ ಸರಣಿಯಿಂದ ಬೇರ್ಪಟ್ಟ ಹೊಗೆಕೊಳವೆಯು ನೋಟಕ್ಕೆ ಅಲಂಕಾರವಾಗಬಹುದು, ದುಡಿಮೆಯ ಕ್ರಮವನ್ನು ತಿಳಿಸಲಾರದು.

ಈ ದೋಷವನ್ನು ಮಾಲೀಕರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ೧೯೯೧ರ ಅಭಿವೃದ್ಧಿ ನಿಯಮಗಳ ಪ್ರಕಾರ, ಕಟ್ಟಡ ಕೆಡವಿ ತೆರವಾದ ಗಿರಣಿ ನೆಲವನ್ನೂ ನಗರಸಭೆ, ಸಾರ್ವಜನಿಕ ವಸತಿ ಮತ್ತು ಮಾಲೀಕರ ನಡುವೆ ಹಂಚಬೇಕಾಗಿತ್ತು. ಹಾಗಾಗಿ ಹಳೆಯ ಕಟ್ಟಡವನ್ನು ಉಳಿಸಿ ಬಳಸುವುದರಲ್ಲಿ ಮಾಲೀಕರಿಗೂ ಹಿತವಿತ್ತು. ೨೦೦೧ರ ತಿದ್ದುಪಡಿಯು ಹಂಚಿಕೆಯನ್ನು ಮೊದಲೇ ಖಾಲಿಯಿದ್ದ ನೆಲಕ್ಕೆ ಸೀಮಿತಗೊಳಿಸಿತು. ೨೦೦೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕೆಡವುವುದಕ್ಕಿದ್ದ ತಡೆ ಹೀಗೆ ಸಡಿಲವಾಯಿತು. ಅಂದರೆ ಯಾವ ಗೋಡೆ ನಿಲ್ಲಬೇಕೆಂಬುದನ್ನು ಬಹುಮಟ್ಟಿಗೆ ನಿರ್ಣಯಿಸಿದ್ದು ನೆಲದ ಲೆಕ್ಕಾಚಾರವೇ ಹೊರತು ಚರಿತ್ರೆಯ ವಿವೇಚನೆಯಲ್ಲ.

ವ್ಯಾಪಾರದ ಆದಾಯವಿಲ್ಲದೆ ಹಳೆಯ ಛಾವಣಿ ನಿಲ್ಲದೆಂಬ ವಾದವನ್ನು ನಾವು ಒಪ್ಪುತ್ತೇವೆ. ಆದರೆ ಆ ಆದಾಯಕ್ಕೆ ಅನುಮತಿ ನೀಡುವ ಸರ್ಕಾರವು ಎರಡು ನಿಬಂಧನೆಗಳನ್ನು ವಿಧಿಸಬಹುದು. ಒಂದು, ಕೆಡವುವ ಮುನ್ನ ಇಡೀ ಗಿರಣಿಯ ಅಳತೆಯ ನಕ್ಷೆಗಳು ಸಿದ್ಧವಾಗಿ ಸಾರ್ವಜನಿಕ ಗ್ರಂಥಾಲಯವನ್ನು ಸೇರತಕ್ಕದ್ದು. ಎರಡು, ಬಾಯ್ಲರ್ ಮನೆಯಿಂದ ನೇಯ್ಗೆಯ ಕೊಠಡಿಯವರೆಗಿನ ಒಂದು ಸರಣಿಯಾದರೂ ಸ್ವಸ್ಥಾನದಲ್ಲಿ ಉಳಿಯತಕ್ಕದ್ದು. ಸರಕು ಕೊಳ್ಳಲು ಬಂದವನಿಗೆ ಅಲ್ಲಿ ಏನು ತಯಾರಾಗುತ್ತಿತ್ತು, ಹೇಗೆ ತಯಾರಾಗುತ್ತಿತ್ತು ಎಂಬುದು ಗೋಡೆಯಿಂದಲೇ ತಿಳಿಯುವಂತಿದ್ದರೆ ಮಾತ್ರ ಅದನ್ನು ಸಂರಕ್ಷಣೆಯೆಂದು ಕರೆಯಲು ಸಾಧ್ಯವೆಂದು ನಮ್ಮ ಅಭಿಪ್ರಾಯ.