ಕೇಳುವ ಮಕ್ಕಳು

ವೆನೆಜುವೆಲಾದ ‘ಎಲ್ ಸಿಸ್ತೆಮಾ’ ಸಂಗೀತ ಕೇಂದ್ರಗಳಲ್ಲಿ ಎಷ್ಟೋ ಪುಟ್ಟ ಮಕ್ಕಳ ಕೈಗೆ ಮೊದಲು ಬರುವುದು ರಟ್ಟಿನ ಪಿಟೀಲು. ಮನೆಯವರ ನೆರವಿನಿಂದ ಕಾಗದ, ಅಂಟು ಸೇರಿಸಿ, ಬಣ್ಣ ಬಳಿದು ಮಾಡಿದ್ದು. ಅದರಿಂದ ಸ್ವರ ಹೊರಡುವುದಿಲ್ಲ. ಮಗು ಅದನ್ನು ಗದ್ದದಡಿ ಇಟ್ಟುಕೊಂಡು, ಬಾಯಲ್ಲಿ ಹಾಡುತ್ತಾ, ಕಮಾನು ಹಿಡಿಯುವುದನ್ನೂ ತನ್ನ ಸರದಿಗೆ ಕಾಯುವುದನ್ನೂ ಕಲಿಯುತ್ತದೆ. ವಾದ್ಯಕ್ಕಿಂತ ಮೊದಲೇ ಜೊತೆಗೂಡುವ ಶಿಸ್ತು ಬರುತ್ತದೆ.

ಅರ್ಥಶಾಸ್ತ್ರಜ್ಞನೂ ಸಂಗೀತಗಾರನೂ ಆಗಿದ್ದ ಹೊಸೆ ಆಂತೋನಿಯೊ ಅಬ್ರೆಯು 1975ರಲ್ಲಿ ಕರಾಕಾಸ್‌ನಲ್ಲಿ ಬೆರಳೆಣಿಕೆಯ ಯುವಕರೊಂದಿಗೆ ‘ಎಲ್ ಸಿಸ್ತೆಮಾ’ ಶುರುಮಾಡಿದರು. ಒಬ್ಬೊಬ್ಬರನ್ನೇ ಕೂರಿಸಿ ವರ್ಷಗಟ್ಟಲೆ ಕಲಿಸಿ, ಆಮೇಲೆ ವಾದ್ಯವೃಂದಕ್ಕೆ ಬಿಡುವ ಪದ್ಧತಿ ಅವರದಲ್ಲ. ಮೊದಲ ದಿನದಿಂದಲೇ ವೃಂದ, ಶಾಲೆ ಬಿಟ್ಟ ಮೇಲೆ ವಾರದ ಬಹುಪಾಲು ದಿನ ಅಭ್ಯಾಸ. ಸ್ವಲ್ಪ ಬಲ್ಲವನು ಏನೂ ಅರಿಯದವನಿಗೆ ಕಲಿಸಬೇಕು. ಗುಸ್ತಾವೊ ದುದಾಮೆಲ್‌ರಂಥ ವಾದ್ಯವೃಂದ ನಿರ್ದೇಶಕರು ಬೆಳೆದದ್ದು ಈ ಮಡಿಲಲ್ಲೇ. ಆದರೆ ಇಂಥ ಯೋಜನೆಯನ್ನು ಅದರ ತಾರೆಗಳಿಂದ ಅಳೆಯಬಾರದು. ಕೊನೆಯ ಸಾಲಿನಲ್ಲಿ ಕೂತ ಮಗುವಿಗೆ ಏನಾಯಿತು ಎಂದು ನೋಡಬೇಕು.

ಹಾಗೆ ನೋಡಿದ ಅಧ್ಯಯನವೊಂದಿದೆ. ಇಂಟರ್-ಅಮೆರಿಕನ್ ಅಭಿವೃದ್ಧಿ ಬ್ಯಾಂಕಿನ ಸಂಶೋಧಕರು 6ರಿಂದ 14 ವರ್ಷದ ಸುಮಾರು 2,900 ಮಕ್ಕಳಲ್ಲಿ ಕೆಲವರಿಗೆ 2012ರಲ್ಲಿ, ಉಳಿದವರಿಗೆ ಒಂದು ವರ್ಷ ತಡವಾಗಿ, ಚೀಟಿ ಎತ್ತಿದಂತೆ ಪ್ರವೇಶ ಕೊಟ್ಟು ಹೋಲಿಸಿದರು. ಮೊದಲು ಸೇರಿದವರಲ್ಲಿ ಆತ್ಮಸಂಯಮ ತುಸು ಹೆಚ್ಚಿತ್ತು, ನಡವಳಿಕೆಯ ತೊಂದರೆ ತುಸು ಕಡಿಮೆಯಿತ್ತು. ಹಿಂಸೆಯನ್ನು ಹತ್ತಿರದಿಂದ ಕಂಡಿದ್ದ ಹುಡುಗರಲ್ಲಿ ಆಕ್ರಮಣಶೀಲತೆ ತಗ್ಗಿತ್ತು. ಬುದ್ಧಿಶಕ್ತಿಯಲ್ಲಾಗಲಿ ಪರರಿಗೆ ನೆರವಾಗುವ ಗುಣದಲ್ಲಾಗಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಒಂದೇ ವರ್ಷದ ಫಲ ಇದು. ಪವಾಡವಲ್ಲ, ಆದರೆ ತಳ್ಳಿಹಾಕುವಂಥದ್ದೂ ಅಲ್ಲ. ಪಕ್ಕದವನ ಸ್ವರ ಮುಗಿಯುವವರೆಗೆ ಕೈ ತಡೆದು ಕಾಯುವುದನ್ನು ದಿನವೂ ಮಾಡುವ ಮಗುವಿಗೆ ಸಂಯಮ ಮೈಗೂಡುವುದು ಸಹಜವೇ.

ಅದೇ ಅಧ್ಯಯನ ಹೇಳಿದ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಅಧ್ಯಯನ ನಡೆದ ಪ್ರಾಂತಗಳಲ್ಲಿ ಬಡ ಮಕ್ಕಳ ಪ್ರಮಾಣ ಸುಮಾರು ಶೇ. 47, ಪ್ರವೇಶ ಪಡೆದವರಲ್ಲಿ ಶೇ. 17 ಮಾತ್ರ. ಬಡವರಿಗಾಗಿ ತೆರೆದ ಬಾಗಿಲಲ್ಲಿ ಒಳಗೆ ಬಂದವರು ಬಹುಪಾಲು ಬೇರೆಯವರು. ಕಲಿಕೆ ಉಚಿತ ಎಂದರೆ ಸಾಲದು; ಮಗುವನ್ನು ಕರೆತರಲು ಬಿಡುವಿರುವ ಒಬ್ಬರು ಮನೆಯಲ್ಲಿರಬೇಕು, ದುಡಿಯಲು ಹೋಗುವ ಅಗತ್ಯ ಮಗುವಿಗೇ ಇರಬಾರದು.

ಕನ್ನಡದಲ್ಲಿ ‘ಕೇಳು’ ಎಂದರೆ ಕಿವಿಗೊಡುವುದೂ ಹೌದು, ಪ್ರಶ್ನಿಸುವುದೂ ಹೌದು. ವಾದ್ಯವೃಂದ ಮೊದಲನೆಯದನ್ನು ಅದ್ಭುತವಾಗಿ ಕಲಿಸುತ್ತದೆ. ಎರಡನೆಯದರ ಬಗ್ಗೆ ಬ್ರಿಟನ್ನಿನ ವಿದ್ವಾಂಸ ಜೆಫ್ ಬೇಕರ್ 2014ರ ತಮ್ಮ ಪುಸ್ತಕದಲ್ಲಿ ಕಟುವಾಗಿಯೇ ಬರೆದರು: ನಿರ್ದೇಶಕನ ಕೋಲಿಗೆ ತಲೆಬಾಗುವ ಈ ವ್ಯವಸ್ಥೆ ಮೇಲು-ಕೀಳಿನ ಶ್ರೇಣಿಯನ್ನೇ ಕಲಿಸುತ್ತದೆ ಎಂದು. ಸರ್ಕಾರದ ಹಣದಲ್ಲಿ ನಡೆಯುವ ಸಂಸ್ಥೆಗೆ ಮೌನದ ಒತ್ತಡವೂ ಇರುತ್ತದೆ. 2017ರ ಸರ್ಕಾರ ವಿರೋಧಿ ಪ್ರತಿಭಟನೆಯಲ್ಲಿ ಇಲ್ಲಿಯೇ ಕಲಿತ 18ರ ವಯೋಲಾ ವಾದಕನೊಬ್ಬ ಸತ್ತ ಮೇಲಷ್ಟೇ ದುದಾಮೆಲ್ ಸರ್ಕಾರದ ವಿರುದ್ಧ ದನಿ ಎತ್ತಿದರು.

ಬೇಕರ್‌ರ ಟೀಕೆ ಸರಿಯೆನಿಸಿದರೂ ವೃಂದವನ್ನೇ ಬಿಡಬೇಕೆಂದು ನನಗನಿಸುವುದಿಲ್ಲ. ರಟ್ಟಿನ ಪಿಟೀಲಿನ ಮಗುವನ್ನು ನೋಡಿದರೆ ದಾರಿ ಅಲ್ಲೇ ಇದೆ. ತನ್ನ ವಾದ್ಯವನ್ನು ತಾನೇ ಮಾಡಿಕೊಂಡ ಆ ಕೈಗೆ ಮುಂದೆ ತನ್ನದೇ ರಾಗ ಕಟ್ಟಲು, ಯಾವ ಕೃತಿ ನುಡಿಸೋಣ ಎಂದು ಕೇಳಲು ಬಿಡಬೇಕು. ಅದಕ್ಕೂ ಮೊದಲು, ಬಾಗಿಲವರೆಗೂ ಬರಲಾಗದ ಮಗುವಿನ ಓಣಿಗೆ ವೃಂದವೇ ಹೋಗಬೇಕು.